ಉಡುಪಿನ ನಿಯಮ, ನಡತೆಯ ಪಾಠ

ಇಸ್ಲಾಮಿನಲ್ಲಿ ಉಡುಪಿನ ನಿಯಮವು ‘ಹಯಾ’ ಎಂಬ ಗುಣದೊಂದಿಗೆ, ಅಂದರೆ ಲಜ್ಜೆ ಮತ್ತು ಆತ್ಮಗೌರವಗಳು ಬೆರೆತ ನಡತೆಯೊಂದಿಗೆ, ಬೆಸೆದುಕೊಂಡಿದೆ. ಕುರ್‌ಆನಿನ ‘ಅನ್ನೂರ್’ ಅಧ್ಯಾಯವು ಹೆಂಗಸರ ಹೊದಿಕೆಯ ಮಾತೆತ್ತುವ ಮೊದಲೇ, 30ನೆಯ ವಚನದಲ್ಲಿ, ದೃಷ್ಟಿ ತಗ್ಗಿಸುವಂತೆ ಗಂಡಸರಿಗೆ ಹೇಳುತ್ತದೆ. ಶಾಲಾ ಉಡುಪಿನ ವಾದಗಳಲ್ಲಿ ಈ ಅನುಕ್ರಮವನ್ನು ನೆನೆಯುವವರು ವಿರಳ.

ಮುಂಬೈ ಬಳಿಯ ಟಿಟ್ವಾಳಾದಿಂದ ಬೆಳಗಿನ ಲೋಕಲ್ ರೈಲು ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ ಚೆಂಬೂರಿಗೆ ಹೋಗುವ ಹಾದಿಯಲ್ಲಿ, ಮಹಿಳೆಯರ ಡಬ್ಬಿಯೊಳಗೆ ಸೀರೆ, ಜೀನ್ಸ್, ಬುರ್ಖಾಗಳು ಒಂದಕ್ಕೊಂದು ಒತ್ತಿಕೊಂಡೇ ನಿಂತಿರುತ್ತವೆ, ಅದರಿಂದ ಯಾರ ಶಿಸ್ತೂ ಕೆಡುವುದಿಲ್ಲ. ಅದೇ ಚೆಂಬೂರಿನ ಆಚಾರ್ಯ-ಮರಾಠೆ ಕಾಲೇಜು 2024ರಲ್ಲಿ ಹಿಜಾಬ್ (ಮುಖ ಬಿಟ್ಟು ತಲೆ ಮುಚ್ಚುವ ವಸ್ತ್ರ), ನಿಖಾಬ್ (ಮುಖ ಮುಚ್ಚುವ ಪರದೆ), ಬುರ್ಖಾ, ಟೋಪಿ, ಬ್ಯಾಡ್ಜುಗಳನ್ನು ನಿಷೇಧಿಸಿ, ಧರ್ಮ ತೋರಿಸದ ಉಡುಪೇ ಇರಬೇಕೆಂದು ಸುತ್ತೋಲೆ ಹೊರಡಿಸಿತು. ಒಂಬತ್ತು ವಿದ್ಯಾರ್ಥಿನಿಯರು ಸಲ್ಲಿಸಿದ ಅರ್ಜಿಯನ್ನು ಬಾಂಬೆ ಹೈಕೋರ್ಟ್ ಜೂನ್ 26ರಂದು ವಜಾಮಾಡಿತು. ಆಗಸ್ಟ್ 9ರಂದು ಸುಪ್ರೀಂ ಕೋರ್ಟ್ ಹಿಜಾಬ್, ಟೋಪಿ, ಬ್ಯಾಡ್ಜುಗಳ ಮಟ್ಟಿಗೆ ಆ ಸುತ್ತೋಲೆಗೆ ತಡೆಯಾಜ್ಞೆ ನೀಡಿ, ವಿದ್ಯಾರ್ಥಿಗಳ ಹೆಸರುಗಳೇ ಧರ್ಮವನ್ನು ತಿಳಿಸುವುದಿಲ್ಲವೇ ಎಂದು ಕೇಳಿತು, ತರಗತಿಯೊಳಗೆ ಬುರ್ಖಾಕ್ಕೆ ಮಾತ್ರ ಅನುಮತಿ ಕೊಡಲಿಲ್ಲ. ಮುಖ ಕಾಣುವುದು ಕಲಿಕೆಗೆ ಬೇಕೆಂಬ ಮಾತಿನಲ್ಲಿ ಹುರುಳಿದೆ. ಪಿನ್ನು ಚುಚ್ಚಿ ತಲೆಗೆ ಸುತ್ತಿಕೊಂಡ ವಸ್ತ್ರಕ್ಕೆ ಅದನ್ನೇ ಹಚ್ಚುವುದು ಮಾತ್ರ ನ್ಯಾಯವಲ್ಲ.

ಕರ್ನಾಟಕದಲ್ಲಿ ಈ ಕಲಹ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಿಂದ ಹಬ್ಬಿತು. ಸಮವಸ್ತ್ರದ ಬಣ್ಣದ್ದೇ ದುಪಟ್ಟಾವನ್ನು ತಲೆಗೆ ಹೊದ್ದುಕೊಳ್ಳಲು ಬಿಡಿ ಎಂಬ ಬೇಡಿಕೆಗೆ, 2022ರ ಫೆಬ್ರವರಿ 5ರ ಸರಕಾರಿ ಆದೇಶ ಅವಕಾಶ ನೀಡಲಿಲ್ಲ. ಮೂರು ದಿನಗಳ ಬಳಿಕ ಮಂಡ್ಯದ ಕಾಲೇಜೊಂದರಲ್ಲಿ ಬುರ್ಖಾ ತೊಟ್ಟ ಒಬ್ಬಳೇ ಹುಡುಗಿಯನ್ನು ಕೇಸರಿ ಶಾಲಿನ ಯುವಕರ ಗುಂಪು ಘೋಷಣೆ ಕೂಗುತ್ತ ಬೆನ್ನಟ್ಟಿದ ದೃಶ್ಯ ದೇಶಕ್ಕೇ ಕಂಡಿತು. ನೈತಿಕ ಶಿಕ್ಷಣದ ಅಗತ್ಯ ಅಲ್ಲಿ ಯಾರಿಗಿತ್ತೆಂಬುದು ಸ್ಪಷ್ಟವಾಗಿದ್ದರೂ, ಮುಂದಿನ ಚರ್ಚೆಯೆಲ್ಲ ಹುಡುಗಿಯ ತಲೆವಸ್ತ್ರದ ಸುತ್ತಲೇ ನಡೆಯಿತು.

ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದಿತು. ಧರ್ಮದೊಳಗಿನ ಅಗತ್ಯವನ್ನು ಅಳೆಯುವುದಕ್ಕಿಂತ ಬಾಲಕಿಯ ಆಯ್ಕೆಯನ್ನು ವಿಚಾರಿಸುವುದು ಹೆಚ್ಚು ಸಮಂಜಸವಾಗಿತ್ತು, ಏಕೆಂದರೆ ಮನೆಯವರ ಬಲವಂತಕ್ಕೆ ವಸ್ತ್ರ ಹೊದೆಯುವವಳಿಗೂ, ಮನಸಾರೆ ಹೊದೆಯುವವಳಿಗೂ ಸ್ವಂತ ನಿರ್ಧಾರದ ಶಕ್ತಿ ಬರುವುದು ಓದು ಮುಂದುವರಿದರೆ ಮಾತ್ರ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಪೀಠ ಇಬ್ಭಾಗವಾದಾಗ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಸಮವಸ್ತ್ರದ ಸಮಾನತೆಯನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಮಾತ್ರ, ಇಂಥ ನಿರ್ಬಂಧದಿಂದ ಹೆಣ್ಣುಮಗುವಿನ ಬದುಕು ಸುಧಾರಿಸುತ್ತದೆಯೇ ಎಂಬ ಪ್ರಶ್ನೆಯನ್ನೇ ತಮ್ಮ ತೀರ್ಪಿನ ನಡುವೆ ಇರಿಸಿದರು.