ಗೆದ್ದಲು ತಿನ್ನದ ಹೊತ್ತಗೆ

ಶ್ರೀಮಠದ ಆಶ್ರಯದಲ್ಲಿ ನಡೆದು ಬಂದಿರುವ ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ನಾಲ್ಕು ಪುಟ ಬರೆದರಾಯಿತೆಂದು ಒಪ್ಪಿಕೊಂಡೆ. ಬರೆಯಲು ಕುಳಿತಾಗ ಮಾತ್ರ ಮನಸ್ಸು ಶಾಲೆಯ ಗಣಕ ಕೊಠಡಿಯ ಕಡೆಗೇ ಎಳೆಯತೊಡಗಿತು. ಗಣಕವಿದ್ಯೆ ನನ್ನ ಅಧ್ಯಯನದ ವಿಷಯವಲ್ಲ. ಆದರೆ ಆ ಕೊಠಡಿಯಲ್ಲಿ ನನಗೆ ದೊರೆತ ಉಪಕಾರವನ್ನು ಹೇಳದೆ ಉಳಿದರೆ ಋಣ ತೀರುವುದಿಲ್ಲ. ಆದುದರಿಂದ ವಾಚಕರು ಕನ್ನಡ ಪಂಡಿತನ ಈ ಅನಧಿಕಾರ ಚರ್ಚೆಯನ್ನು ಮನ್ನಿಸಬೇಕೆಂದು ಮೊದಲಿಗೇ ಬಿನ್ನವಿಸಿಕೊಳ್ಳುತ್ತೇನೆ.

೧೯೮೭ರಿಂದ ಮೂರು ವರ್ಷಗಳ ಕಾಲ ನಾನು ನನ್ನ ವಿದ್ಯಾಗುರುಗಳ ಬಳಿ ಕುಳಿತು ಕೇಶಿರಾಜನ ಶಬ್ದಮಣಿದರ್ಪಣವನ್ನೂ ಪಂಪಭಾರತವನ್ನೂ ಓದಿದೆ. ಅವರು ಪುಸ್ತಕವನ್ನು ಕೈಯಲ್ಲಿ ಹಿಡಿದು ಪಾಠ ಹೇಳಿದವರಲ್ಲ. ಸೂತ್ರ ಬಾಯಿಂದ ಬರುತ್ತಿತ್ತು. ಅದರ ಬೆನ್ನಿಗೆ ನಮ್ಮ ಧಾರವಾಡ ಸೀಮೆಯ ಹೊಲಮನೆಗಳ ಮಾತು ಉದಾಹರಣೆಯಾಗಿ ಬರುತ್ತಿತ್ತು. ಹಳಗನ್ನಡದ ‘ಕೂೞ್’ ಎಂಬುದು ಗೌರವದ ಅನ್ನವೇ ಆಗಿದ್ದು, ಇಂದಿನ ‘ಕೂಳು’ ಬೈಗುಳದ ಅನ್ನವಾದ ಬಗೆಯನ್ನು ಅವರು ಒಂದು ಮಧ್ಯಾಹ್ನವೆಲ್ಲ ವಿವರಿಸಿದ್ದುಂಟು. ಈ ವಿವರಣೆಗಳಾವುವೂ ಅಚ್ಚಾದ ಯಾವ ಪುಸ್ತಕದಲ್ಲಿಯೂ ನನಗೆ ಮುಂದೆ ದೊರೆಯಲಿಲ್ಲ. ಗುರುಗಳು ೨೦೦೪ರಲ್ಲಿ ಲಿಂಗೈಕ್ಯರಾದರು. ಅವರ ಮಾತುಗಳನ್ನು ಬರೆದುಕೊಂಡಿದ್ದ ನನ್ನ ಐದು ನೋಟುಪುಸ್ತಕಗಳು ಕೆಲಗೇರಿಯ ನಮ್ಮ ಹಳೆಯ ಮನೆಯ ಗೋಡೆಗೂಡಿನಲ್ಲಿದ್ದವು. ಒಂದು ಮಳೆಗಾಲ ಕಳೆದು ತೆಗೆದು ನೋಡಿದರೆ ರಟ್ಟು ಉಳಿದಿತ್ತು, ಒಳಗೆ ಮಣ್ಣು ತುಂಬಿತ್ತು. ಗೆದ್ದಲು ತನ್ನ ಅಧ್ಯಯನವನ್ನು ಪೂರೈಸಿ ಹೋಗಿತ್ತು.

೨೦೧೪ರಲ್ಲಿ ಮಗಳ ಒತ್ತಾಯಕ್ಕೆ ಮಣಿದು ಒಂದು ಮೊಬೈಲು ಕೊಂಡೆ. ಸಹೋದ್ಯೋಗಿ ಮಿತ್ರರೊಬ್ಬರು ಅದರಲ್ಲಿ ಟಿಪ್ಪಣಿ ಬರೆದುಕೊಳ್ಳುವ ಸಣ್ಣದೊಂದು ಆ್ಯಪನ್ನು ಹಾಕಿಕೊಟ್ಟರು. ನನಗೆ ಅಂದೇ ಒಂದು ಸಂಕಲ್ಪ ಹುಟ್ಟಿತು. ಸಂಜೆ ಕೆಲಗೇರಿ ಕೆರೆಯ ದಂಡೆಯಲ್ಲಿ ತಿರುಗಾಡಿ ಕುಳಿತಾಗ ಗುರುಗಳ ಮಾತು ಯಾವುದು ನೆನಪಾಗುವುದೋ ಅದನ್ನು ಅಲ್ಲಿಯೇ ಬರೆದಿಡಬೇಕೆಂದು ನಿಶ್ಚಯಿಸಿದೆ. ಗೆದ್ದಲು ಮೊಬೈಲನ್ನು ತಿನ್ನಲಾರದಷ್ಟೆ! ಹೀಗೆ ಹತ್ತು ವರ್ಷಗಳಲ್ಲಿ ನಾಲ್ಕುನೂರಕ್ಕೂ ಮಿಕ್ಕಿ ಟಿಪ್ಪಣಿಗಳಾದವು. ಮನೆಯಲ್ಲಿ ಇದನ್ನು ‘ಅಪ್ಪಾರ ಗೆದ್ದಲು ತಿನ್ನದ ಪುಸ್ತಕ’ ಎಂದು ನಗೆಯಾಡುತ್ತಿದ್ದರು.

೨೦೨೪ರ ಜೂನ್ ತಿಂಗಳಲ್ಲಿ ಆ ಮೊಬೈಲಿನ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳವನ್ನೇ ಎತ್ತಿಹಾಕಿತು. ರಿಪೇರಿಯ ಅಂಗಡಿಯಲ್ಲಿ ನೋಡಿ, ಒಳಗಿನ ಬೋರ್ಡೂ ಹೋಗಿದೆಯೆಂದು ಕೈಚೆಲ್ಲಿದರು. ಉಳಿದದ್ದು ಅದರೊಳಗಿದ್ದ ಉಗುರಿನಷ್ಟಗಲದ ಮೆಮರಿ ಕಾರ್ಡು ಮಾತ್ರ. ಪುಣ್ಯವಶಾತ್ ಅದರಲ್ಲಿ ಆ ಆ್ಯಪಿನ ಮೂಲ ಕಡತವೂ, ೨೦೨೩ರ ಯುಗಾದಿಯಂದು ಮಗಳು ತೆಗೆದಿಟ್ಟಿದ್ದ ಟಿಪ್ಪಣಿಗಳ ಬ್ಯಾಕಪ್ಪೂ ಇದ್ದವು. ಆದರೆ ಆ ಬ್ಯಾಕಪ್ಪನ್ನು ಆ ಆ್ಯಪಲ್ಲದೆ ಬೇರಾವುದೂ ಓದಲಾರದು. ಹೊಸ ಮೊಬೈಲು ಕೊಂಡು ಆ್ಯಪನ್ನು ಹಾಕಹೋದರೆ ಅದು ಒಳಗೆ ಬಿಡಲೊಲ್ಲದು. ಕಾರಣವನ್ನು ಆಮೇಲೆ ತಿಳಿದೆ. ೨೦೨೩ರಲ್ಲಿ ಹೊರಬಂದ ಆಂಡ್ರಾಯ್ಡ್ ೧೪ನೆಯ ಆವೃತ್ತಿಯು, ೬.೦ಕ್ಕಿಂತ ಹಿಂದಿನ ಆವೃತ್ತಿಗಳನ್ನು ಉದ್ದೇಶಿಸಿ ರಚಿಸಿದ ಆ್ಯಪುಗಳನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಹಳೆಯ ಆ್ಯಪಿನ ವೇಷದಲ್ಲಿ ದುಷ್ಟ ತಂತ್ರಾಂಶಗಳು ನುಸುಳಬಾರದೆಂಬುದು ಅದರ ಎಚ್ಚರಿಕೆ. ಕಳ್ಳರಿಗಾಗಿ ಹಾಕಿದ ಅಗಳಿ ಮುದುಕರನ್ನೂ ಹೊರಗಿಟ್ಟಿತು.

ಹಳೆಯ ಮೊಬೈಲೊಂದು ಎಲ್ಲಿಯಾದರೂ ದೊರೆತೀತೇ ಎಂದು ಬಂಧುಮಿತ್ರರನ್ನೆಲ್ಲ ಕೇಳಿದ್ದಾಯಿತು. ಕೆಲವರು ಗುಜರಿಗೆ ಹಾಕಿದ್ದರು. ಕೆಲವರ ಮನೆಯಲ್ಲಿದ್ದವು ಹೊತ್ತಿಕೊಳ್ಳಲಿಲ್ಲ. ಕೊನೆಗೆ ನಮ್ಮ ಶಾಲೆಯ ಗಣಕ ಶಿಕ್ಷಕರ ಬಳಿ ಹೋಗಿ ಸಂಕಟವನ್ನು ತೋಡಿಕೊಂಡೆ. ಅವರು ಇದೇ ಶಾಲೆಯಲ್ಲಿ ಓದಿದವರು. ನನ್ನ ಬಳಿ ಲಘು ಗುರು ಎಣಿಸುವಾಗ ಬೆರಳು ತಪ್ಪಿಸಿ ಬೈಸಿಕೊಂಡವರು. ಎಲ್ಲವನ್ನೂ ಕೇಳಿ ಅವರು ಹೇಳಿದ ಮಾತು ಇದು: “ಗುರುಗಳ, ಹಳೇ ಮೊಬೈಲ್ ಸಿಗಲಿಲ್ಲಂದ್ರ ಹೋಗ್ಲಿ ಬಿಡ್ರಿ. ನಾವs ಒಂದು ಮೊಬೈಲ್ ಹುಟ್ಟಿಸೋಣು.”

ಹಳೆಯ ವಿದ್ಯಾರ್ಥಿಗಳು ದಾನವಾಗಿ ಕೊಟ್ಟ ಗಣಕಗಳಲ್ಲಿ ಒಂದರ ಮುಂದೆ ನಾವಿಬ್ಬರೂ ಕುಳಿತೆವು. ಅಲ್ಲಿ ನಡೆದುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಒಂದು ಗಣಕದೊಳಗೆ ಇನ್ನೊಂದು ಗಣಕವನ್ನು ಕಲ್ಪಿಸಿ ನಡೆಸುವ ಕ್ರಮಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಇದೇನೂ ನಿನ್ನೆ ಮೊನ್ನೆಯದಲ್ಲ. ೧೯೭೨ರಲ್ಲಿಯೇ ಐಬಿಎಂ ಸಂಸ್ಥೆಯು ವಿಎಂ/೩೭೦ ಎಂಬ ವ್ಯವಸ್ಥೆಯನ್ನು ಪ್ರಕಟಿಸಿ, ಒಂದೇ ದೊಡ್ಡ ಯಂತ್ರವನ್ನು ಹಲವರು ತಮ್ಮ ತಮ್ಮ ಸ್ವಂತ ಯಂತ್ರವೆಂಬಂತೆ ಬಳಸಲು ಅನುವು ಮಾಡಿತ್ತು. ದೊಡ್ಡ ವಾಡೆಯೊಂದರಲ್ಲಿ ಖೋಲಿ ಹಿಡಿದಿರುವ ಬಿಡಾರದವನು ತನ್ನ ಒಲೆ, ತನ್ನ ಬಾಗಿಲು, ತನ್ನ ಸಂಸಾರವೆಂದು ಬಾಳುವಂತೆ, ಒಳಗಿನ ಯಂತ್ರವೂ ತನಗೆ ಕೊಟ್ಟಷ್ಟು ಮೆಮರಿಯನ್ನೇ ತನ್ನ ಪ್ರಪಂಚವೆಂದು ನಂಬಿ ನಡೆಯುತ್ತದೆ. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಇಂತಹ ಖೋಲಿಯನ್ನು ಕಟ್ಟಿಕೊಡುತ್ತದೆ.

ಖೋಲಿಗೆ ಬಿಡಾರದವನೂ ಬೇಕಷ್ಟೆ. ಮೊಬೈಲುಗಳ ಪ್ರೊಸೆಸರ್ ಬಹುಮಟ್ಟಿಗೆ ಎಆರ್‌ಎಂ ಜಾತಿಯದು. ನಮ್ಮ ಶಾಲೆಯ ಗಣಕಗಳದು ಎಕ್ಸ್೮೬ ಜಾತಿಯದು. ಒಂದರ ಭಾಷೆ ಮತ್ತೊಂದಕ್ಕೆ ತಿಳಿಯದು. ಆಂಡ್ರಾಯ್ಡ್ ವ್ಯವಸ್ಥೆಯನ್ನು ಎಕ್ಸ್೮೬ ಯಂತ್ರಗಳಿಗೆ ಒಗ್ಗಿಸುವ ಕೆಲಸವನ್ನು ೨೦೦೯ರಲ್ಲಿ ಕೆಲವರು ಆರಂಭಿಸಿ, ಆಂಡ್ರಾಯ್ಡ್-ಎಕ್ಸ್೮೬ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಒದಗಿಸಿದರು. ನನ್ನ ಅದೃಷ್ಟಕ್ಕೆ ನನ್ನ ಆ್ಯಪು ಯಾವ ಪ್ರೊಸೆಸರಿನ ಭಾಷೆಗೂ ಕಟ್ಟುಬೀಳದ, ಸರಳವಾದ ಜಾವಾದಲ್ಲಿ ರಚಿತವಾದುದು. ಅದು ಎಆರ್‌ಎಂ ಯಂತ್ರಕ್ಕೆಂದೇ ರಚಿತವಾಗಿದ್ದರೆ ನಡುವೆ ದುಭಾಷಿಯೊಬ್ಬನನ್ನು ನಿಲ್ಲಿಸಬೇಕಾಗುತ್ತಿತ್ತು.

ಮೊದಲ ದಿನ ಆಂಡ್ರಾಯ್ಡ್ ೯ನೆಯ ಆವೃತ್ತಿಯನ್ನು ಹಾಕಿ ನೋಡಿದರು. ಗಣಕದ ಒಟ್ಟು ಮೆಮರಿಯೇ ೪ ಜಿಬಿ. ಅದರಲ್ಲಿ ಅರ್ಧವನ್ನು ಬಿಡಾರದವನಿಗೆ ಕೊಟ್ಟ ಮೇಲೆ ಇಬ್ಬರೂ ಉಪವಾಸ. ಒಂದು ಗುಂಡಿ ಒತ್ತಿದರೆ ಮೂಡಲು ಒಂದು ನಿಮಿಷ ಹಿಡಿಯುತ್ತಿತ್ತು. ಎರಡನೆಯ ದಿನ, ನನ್ನ ಸತ್ತ ಮೊಬೈಲಿನಲ್ಲಿದ್ದ ೪.೪ನೆಯ ಆವೃತ್ತಿಯನ್ನೇ ತಂದರು. ಆಗ ಪರದೆಯೆಲ್ಲ ಕಪ್ಪಾಗಿ, ಬಿಳಿಯ ಅಕ್ಷರಗಳ ಸಾಲೊಂದು ಮಿನುಗುತ್ತ ನಿಂತುಬಿಟ್ಟಿತು. ನನ್ನ ಎದೆಯೂ ನಿಂತಂತಾಯಿತು. ಅವರು ಮಾತ್ರ ನಗುತ್ತ ಕಲ್ಪಿತ ಯಂತ್ರದ ಚಿತ್ರಸಂಬಂಧವಾದ ಆಯ್ಕೆಯೊಂದನ್ನು ಬದಲಿಸಿ ಮತ್ತೆ ಹೊತ್ತಿಸಿದರು. ಈ ಬಾರಿ ಗಣಕದ ಪರದೆಯ ನಡುವೆ, ನಾನು ಹತ್ತು ವರ್ಷ ಅಂಗೈಯಲ್ಲಿ ಹಿಡಿದು ತಿರುಗಿದ ಆ ಮೊಬೈಲಿನ ಮುಖವೇ ಮೂಡಿತು. ಇಲಿಯ ಬಾಣ ಒಳಗೆ ಹೊಕ್ಕರೆ ಹೊರಗೆ ಬಾರದು. ಬಲಗಡೆಯ ಕಂಟ್ರೋಲ್ ಕೀಲಿಯನ್ನು ಒತ್ತಿದರೇ ಅದಕ್ಕೆ ಬಿಡುಗಡೆ. ಒಮ್ಮೆಯಂತೂ ಪರದೆ ಅಡ್ಡಡ್ಡ ತಿರುಗಿ ನಾನು ಕತ್ತು ವಾಲಿಸಿ ಓದಬೇಕಾಯಿತು.

ಮುಂದುವರಿಯುವ ಮೊದಲು ಅವರು ಯಂತ್ರದ ಆ ಕ್ಷಣದ ಸ್ಥಿತಿಯನ್ನು ಹಾಗೆಯೇ ಹಿಡಿದಿಟ್ಟರು. ಮುಂದೆ ಏನು ಕೆಟ್ಟರೂ ಆ ಕ್ಷಣಕ್ಕೆ ಹಿಂದಿರುಗಬಹುದಂತೆ. ಮನುಷ್ಯಜನ್ಮಕ್ಕಿಲ್ಲದ ಈ ಸೌಕರ್ಯವನ್ನು ಕಂಡು ನಾನು ಕ್ಷಣಕಾಲ ಸುಮ್ಮನಾದೆ. ಅನಂತರ ಕಾರ್ಡಿನಲ್ಲಿದ್ದ ಕಡತಗಳನ್ನು ಒಳಗೆ ಸಾಗಿಸಬೇಕಾಯಿತು. ಒಳಗಿನ ಮೊಬೈಲಿಗೆ ಹೊರಗಿನ ಗಣಕವು ೧೦.೦.೨.೨ ಎಂಬ ವಿಳಾಸದಲ್ಲಿರುವ ನೆರೆಮನೆಯಂತೆ ಕಾಣುತ್ತದೆಯಂತೆ. ತಾನು ಯಾರ ಹೊಟ್ಟೆಯೊಳಗಿದೆಯೋ ಅವರನ್ನೇ ಅದು ನೆರೆಯವರೆಂದು ಬಗೆದು, ಅಲ್ಲಿಂದ ಕಡತಗಳನ್ನು ಕಡ ತಂದಿತು. ಆ್ಯಪು ತೆರೆಯಿತು. ಬ್ಯಾಕಪ್ಪನ್ನು ಓದಿತು. ಒಂದೊಂದಾಗಿ ಸಾಲುಗಳು ಇಳಿದುಬಂದವು.

ನಾನು ಮೊದಲು ಹುಡುಕಿದ್ದು ಎರಡೇ ಅಕ್ಷರಗಳನ್ನು, ಱ ಮತ್ತು ೞ. ಹಳಗನ್ನಡದಲ್ಲಿ ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು. ಒಂದು ಅಕ್ಷರ ಕಳೆದರೆ ಅರಿವೇ ಕತ್ತರಿಸಿಹೋಗುತ್ತದೆ. ಮೊಬೈಲುಗಳಲ್ಲಿ ಕನ್ನಡದ ಒತ್ತಕ್ಷರ ಗುಣಿತಾಕ್ಷರಗಳು ಸರಿಯಾಗಿ ಮೂಡುವುದೇ ಒಂದು ಕಾಲಕ್ಕೆ ದುರ್ಲಭವಾಗಿತ್ತು. ಆಂಡ್ರಾಯ್ಡಿನಲ್ಲಿ ಅದಕ್ಕೆ ಬೆಂಬಲ ದೊರೆತದ್ದು ೨೦೧೨ರ ೪.೧ನೆಯ ಆವೃತ್ತಿಯಲ್ಲಿ. ಜಗತ್ತಿನ ಹಲವು ಲಿಪಿಗಳನ್ನು ಅಳವಡಿಸಿಕೊಂಡಿರುವ ಯುನಿಕೋಡಿನಲ್ಲಿಯೂ ನಮ್ಮ ೞಕಾರಕ್ಕೆ ತಪ್ಪಾಗಿ ‘ಫ’ ಎಂದು ನಾಮಕರಣವಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ನಿಯಮ ಅಲ್ಲಿಲ್ಲವಾದ್ದರಿಂದ ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ಹೆಸರು ಕೆಟ್ಟರೂ ಅಕ್ಷರ ಕೆಡಲಿಲ್ಲ. ‘ಕೂೞ್’ ಎಂಬ ಟಿಪ್ಪಣಿಯನ್ನು ತೆರೆದಾಗ ೞಕಾರ ತನ್ನ ಸ್ಥಾನದಲ್ಲಿ ನೆಟ್ಟಗೆ ನಿಂತಿತ್ತು. ಗುರುಗಳ ಆ ಮಧ್ಯಾಹ್ನದ ಪಾಠ ಮರಳಿ ನನ್ನ ಮುಂದೆ ಬಂತು. ಕನ್ನಡಕ ತೆಗೆದು ಒರೆಸಿಕೊಳ್ಳುವ ನೆವದಿಂದ ಮುಖ ತಿರುಗಿಸಿದೆ. ಶಿಷ್ಯರು ಕಿಟಕಿಯ ಹೊರಗೆ ನೋಡಿದರು.

ಇದು ‘ಮಿಥ್ಯಾಯಂತ್ರ’ವೇ, ‘ಕಲ್ಪಿತ ಯಂತ್ರ’ವೇ ಎಂದು ಆ ದಿನ ಅವರೊಡನೆ ಚರ್ಚಿಸಿದೆ. ಮಿಥ್ಯೆಯೆಂದರೆ ಇಲ್ಲದ್ದು, ತೋರಿಕೆಯದು. ಆದರೆ ಇದು ಮಾಡಿದ ಕೆಲಸ ತೋರಿಕೆಯದಲ್ಲ. ಪಾತ್ರಧಾರಿ ಕಲ್ಪಿತ ವೇಷದಲ್ಲಿದ್ದರೂ ಅವನಾಡುವ ಮಾತು ಕೇಳುವವನ ಕಿವಿಗೆ ನಿಜವಾಗಿಯೇ ಬೀಳುತ್ತದೆ. ಆದುದರಿಂದ ‘ಕಲ್ಪಿತ ಯಂತ್ರ’ವೆಂಬುದೇ ಒಳ್ಳೆಯದೆಂದು ನಾನು ಪಕ್ಷ ಹಿಡಿದೆ. ಬಲ್ಲವರು ತಿದ್ದಬಹುದು.

ಧಾರವಾಡದಲ್ಲಿ ೧೮೮೦ರಲ್ಲಿ ಜನಿಸಿದ ಡಾ. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ವಚನಗಳ ತಾಡವೋಲೆಗಳನ್ನು ಕೂಡಿಹಾಕಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ತಂದುದು ವಾಚಕರಿಗೆ ತಿಳಿದ ಸಂಗತಿ. ಓಲೆಯನ್ನು ಜಗುಲಿಯಲ್ಲಿಟ್ಟು ಪೂಜಿಸಿದ್ದರಿಂದ ವಚನ ಉಳಿಯಲಿಲ್ಲ. ಓದಿ, ಪ್ರತಿ ಮಾಡಿ, ಹೊಸ ಮೈಗೆ ಇಳಿಸಿದ್ದರಿಂದ ಉಳಿಯಿತು. ನನ್ನ ಅಲ್ಪಕಾರ್ಯವನ್ನು ಆ ಮಹತ್ಕಾರ್ಯದ ಪಕ್ಕದಲ್ಲಿರಿಸುವ ಧಾರ್ಷ್ಟ್ಯ ನನಗಿಲ್ಲ. ಆದರೆ ನಾನು ಹತ್ತು ವರ್ಷ ಮಾಡಿದ ತಪ್ಪು ಯಾವುದೆಂಬುದು ಅವರನ್ನು ನೆನೆದಾಗ ಹೊಳೆಯಿತು. ಗೆದ್ದಲು ತಿನ್ನದ ಹೊತ್ತಗೆಯನ್ನು ನಾನು ಹುಡುಕುತ್ತಿದ್ದೆ. ಅಂತಹ ಹೊತ್ತಗೆ ಯಾವುದೂ ಇಲ್ಲ. ಕಾಗದಕ್ಕೆ ಒಂದು ಗೆದ್ದಲು, ಯಂತ್ರಕ್ಕೆ ಮತ್ತೊಂದು. ಕಲ್ಪಿತ ಯಂತ್ರ ಆಪತ್ಕಾಲದ ಏಣಿಯೇ ಹೊರತು ಕಾಳು ಕೂಡಿಡುವ ಹಗೇವಲ್ಲ. ನಾಳೆ ಆ ಗಣಕವೂ ಕೆಡಬಹುದು.

ಟಿಪ್ಪಣಿಗಳನ್ನು ಯಾವ ಯಂತ್ರವೂ ಓದಬಲ್ಲ ಸಾದಾ ಪಠ್ಯವಾಗಿ ಹೊರತೆಗೆಯುವ ಸೌಕರ್ಯ ಆ ಆ್ಯಪಿನಲ್ಲಿಯೇ ಇತ್ತು. ಹತ್ತು ವರ್ಷ ಅದನ್ನು ನಾನು ಗಮನಿಸಿರಲಿಲ್ಲ. ಈಗ ಎಲ್ಲವನ್ನೂ ಹಾಗೆ ಹೊರತೆಗೆದು ಮೂರು ಕಡೆ ಇರಿಸಿದ್ದೇವೆ. ಮುದ್ರಿಸಿದ ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿದೆ. ಒಂಬತ್ತನೆಯ ತರಗತಿಯ ಮಕ್ಕಳು ವಾರಕ್ಕೊಂದು ಟಿಪ್ಪಣಿಯನ್ನು ಗಟ್ಟಿಯಾಗಿ ಓದಿ ತಮ್ಮ ಪುಸ್ತಕಗಳಿಗೆ ಬರೆದುಕೊಳ್ಳುತ್ತಾರೆ.

ಎಲ್ಲವೂ ದೊರೆಯಿತೆಂದು ಹೇಳಲಾರೆ. ೨೦೨೩ರ ಯುಗಾದಿಯ ಅನಂತರದ ಹದಿನೈದು ತಿಂಗಳ ಟಿಪ್ಪಣಿಗಳು ಬ್ಯಾಕಪ್ಪಿನಲ್ಲಿರಲಿಲ್ಲ. ಕೆಲವನ್ನು ನೆನೆದು ಮತ್ತೆ ಬರೆದಿದ್ದೇನೆ. ೨೦೨೪ರ ಸಂಕ್ರಮಣದ ಸಂಜೆ ಕೆರೆಯ ದಂಡೆಯಲ್ಲಿ ಗುರುಗಳು ಹೇಳಿದ್ದ ಪದವೊಂದು ಥಟ್ಟನೆ ನೆನಪಾಗಿ, ಸಂತೋಷದಿಂದ ಬರೆದುಕೊಂಡದ್ದು ನೆನಪಿದೆ. ಆ ಪದ ಯಾವುದೆಂಬುದು ನೆನಪಿಲ್ಲ. ಈಗಲೂ ಅದೇ ಕಲ್ಲಿನ ಮೇಲೆ ಹೋಗಿ ಕುಳಿತು ನೋಡುತ್ತೇನೆ.

ಶಿಕ್ಷಕ ಬಂಧುಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ಬಿನ್ನಹ. ನಿಮ್ಮ ಗುರುಗಳ, ತಂದೆತಾಯಿಗಳ ಮಾತೇನಾದರೂ ಹಳೆಯ ಮೊಬೈಲಿನಲ್ಲಿಯೋ ನೋಟುಪುಸ್ತಕದಲ್ಲಿಯೋ ಉಳಿದಿದ್ದರೆ ಈ ವಾರವೇ ಅದರ ಇನ್ನೊಂದು ಪ್ರತಿ ಮಾಡಿ, ಮತ್ತೊಬ್ಬರ ಕೈಗೆ ಕೊಡಿರಿ. ತೆರೆಯಲು ಬಾರದಂತಾಗಿದ್ದರೆ ಶಾಲೆಗೆ ತನ್ನಿರಿ. ಆ ಕಲ್ಪಿತ ಮೊಬೈಲು ಇನ್ನೂ ನಮ್ಮ ಗಣಕದಲ್ಲಿದೆ.