ಅಟ್ಟದ ಮೇಲಿನ ನಾಟಕಶಾಲೆ

ಗ್ಲಾಸ್ಗೋ, ರಾತ್ರಿ ಎರಡು ಗಂಟೆ

ಪ್ರೀತಿಯ ತಂಗಿ,

ಮಂಡಿ ನೋವಿಗೆ ನಿದ್ದೆ ಹತ್ತುತ್ತಿಲ್ಲ. ಪಾಪುವಿನ ಜ್ವರ ಇಳಿದಿದೆ, ಅಮ್ಮನಿಗೆ ಮೊದಲು ಅದನ್ನು ಹೇಳು. ಅವಳ ಬಿಪಿ ಮಾತ್ರೆ ಈ ವಾರ ಮುಗಿಯುತ್ತೆ, ಮರೀಬೇಡ.

ಚರ್ಚು, ನದಿ, ಮ್ಯೂಸಿಯಂ ಎಲ್ಲಾ ನೋಡಿದ್ದಾಯಿತು, ಫೋಟೋ ನಿನ್ನ ಫೋನಿಗೆ ಬಂದಿರುತ್ತೆ. ಇವತ್ತಿನದನ್ನು ಮಾತ್ರ ಬರೆದೇ ಹೇಳಬೇಕು. ಟ್ರಾನ್‌ಗೇಟ್ ಬೀದಿಯಲ್ಲಿ ಬ್ರಿಟಾನಿಯಾ ಪನಾಪ್ಟಿಕನ್ ಅಂತ ಒಂದು ಮ್ಯೂಸಿಕ್ ಹಾಲ್ ಇದೆ. ಹಾಡು, ಕುಣಿತ, ನಗೆಯಾಟ ಎಲ್ಲಾ ಒಂದೇ ಟಿಕೆಟ್ಟಿಗೆ ಸಿಗುತ್ತಿದ್ದ ಜಾಗ. 1850ರ ದಶಕದ ಕಟ್ಟಡ. ಬೀದಿಯಿಂದ ನೋಡಿದರೆ ಮೇಲೆ ಕಮಾನು ಕಿಟಕಿ, ಕೆಳಗೆ ಅಂಗಡಿ, ಅಷ್ಟೆ. ಪಕ್ಕದ ಸಂದಿಯಿಂದ ಮೆಟ್ಟಿಲು ಹತ್ತಬೇಕು, ನನ್ನ ಮಂಡಿಯ ಕಥೆ ನಿನಗೆ ಗೊತ್ತೇ ಇದೆ!

ಒಳಗೆ ಕುದುರೆ ಲಾಳದ ಆಕಾರದ ಮರದ ಬಾಲ್ಕನಿ, ಮೇಲೆ ಕಮಾನಿನ ಮರದ ಚಾವಣಿ. ಬಣ್ಣ ಸುಲಿದಿದೆ. 1938ರಲ್ಲಿ ಆಟ ನಿಂತ ಮೇಲೆ ಬಟ್ಟೆ ಹೊಲಿಯುವವರು ಕೊಂಡು, ಬಾಲ್ಕನಿ ಕಾಣದಂತೆ ಕೆಳಗೊಂದು ಸುಳ್ಳು ಚಾವಣಿ ಹೊಡೆಸಿಬಿಟ್ಟರಂತೆ. ಕೆಡವುವ ಗೋಜಿಗೇ ಹೋಗಲಿಲ್ಲ, ಉಳಿದದ್ದು ಅದರಿಂದಲೇ. ನಮ್ಮ ಮನೆಯ ತಾಮ್ರದ ಹಂಡೆ ನೆನಪಾಯಿತು. ಬೇರೆ ಪಾತ್ರೆಯೆಲ್ಲಾ ಹಳೇ ಸಾಮಾನಿನವನ ಪಾಲಾದಾಗ ಅಟ್ಟದಲ್ಲಿ ಮರೆತದ್ದೊಂದೇ ಉಳಿಯಿತಲ್ಲ, ಹಾಗೆ.

ಆದರೆ ಚಳಿ ಕಣೇ! ಎರಡು ಸ್ವೆಟರ್ ಮೇಲೆ ಶಾಲು ಹೊದ್ದರೂ ಹಲ್ಲು ಕಟಕಟ. ಸ್ವಯಂಸೇವಕಿ ಅಜ್ಜಿಯೊಬ್ಬರು ನನ್ನ ಅವಸ್ಥೆ ನೋಡಿ ಕಂಬಳಿ ತಂದು ಕಾಲಿಗೆ ಸುತ್ತಿದರು, ತಾವೇ ಪಕ್ಕದಲ್ಲಿ ಕೂತರು. ಅವರ ಇಂಗ್ಲಿಷ್ ಅರ್ಧ ನನಗೆ ಅರ್ಥವಾಗಲಿಲ್ಲ, ನನ್ನದು ಅವರಿಗೆ ಪೂರ್ತಿ ಅರ್ಥವಾಯಿತು. ಮೇಷ್ಟ್ರಾಗಿದ್ದದ್ದು ಸಾರ್ಥಕ, ಬಿಡು. ಅವರೇ ಹೇಳಿದ್ದು, ನಮ್ಮ ಲಾರೆಲ್-ಹಾರ್ಡಿಯ ಸಣಕಲ ಲಾರೆಲ್ 1906ರಲ್ಲಿ, ಹದಿನಾರರ ಹುಡುಗ, ಇಲ್ಲೇ ಮೊದಲು ರಂಗ ಹತ್ತಿದನಂತೆ. ಅವನ ಅಪ್ಪ ಇದೇ ಊರಿನ ಇನ್ನೊಂದು ನಾಟಕಶಾಲೆಯ ಮ್ಯಾನೇಜರು. ಅಪ್ಪನ ಬಟ್ಟೆಯನ್ನೇ ಕದ್ದು ತೊಟ್ಟು ಬಂದಿದ್ದ, ನೋಡಿದರೆ ಅಪ್ಪ ಜನರ ನಡುವೆ! ಅದೇ ವರ್ಷ ಹಾಲ್ ಕೊಂಡ ಪಿಕಾರ್ಡ್ ಎಂಬಾತ ಮುಂದೆ ನೆಲಮಾಳಿಗೆಯಲ್ಲಿ ಪ್ರಾಣಿಸಂಗ್ರಹಾಲಯವನ್ನೇ ಇಟ್ಟನಂತೆ. ಆಟ ಹಿಡಿಸದಿದ್ದರೆ ಹಡಗುಕಟ್ಟೆಯ ಕೂಲಿಗಳು ಕೈಗೆ ಸಿಕ್ಕಿದ್ದನ್ನು ರಂಗಕ್ಕೆ ಎಸೆಯುತ್ತಿದ್ದರಂತೆ. ನಮ್ಮಲ್ಲಿ ಕಂಪನಿ ನಾಟಕದ ನೆಲದ ಟಿಕೆಟ್ಟಿನವರು ‘ಒನ್ಸ್ ಮೋರ್’ ಕೂಗಿ ಸತ್ತವನನ್ನೂ ಎಬ್ಬಿಸಿ ಹಾಡಿಸುತ್ತಿದ್ದರು ಅಂದೆ. ಅಜ್ಜಿ ಬಿದ್ದು ಬಿದ್ದು ನಕ್ಕರು.

ಏನಾದರೂ ಕೊಡೋಣವೆಂದು ಚೀಲ ತಡಕಿದರೆ ಸಿಕ್ಕಿದ್ದು ನೀನು ಕಟ್ಟಿಕೊಟ್ಟ ಕೋಡುಬಳೆ. ಒಂದನ್ನು ಕಡಿದು ಕಣ್ಣಲ್ಲಿ ನೀರು ತಂದುಕೊಂಡರೂ ಇನ್ನೊಂದಕ್ಕೆ ಕೈ ಚಾಚಿದರು. ಮುಂದಿನ ಸಲ ಖಾರ ಸ್ವಲ್ಪ ಕಡಿಮೆ ಹಾಕು.

ಕರೆಂಟ್ ಬಿಲ್ ಕಟ್ಟಿದೆಯಾ? ಹಿತ್ತಿಲ ಬಾಗಿಲಿನ ಚಿಲಕ ಸಡಿಲವಾಗಿದೆ, ಯಾರಿಗಾದರೂ ಹೇಳಿ... ಪಾಪು ಎದ್ದ ಹಾಗಿದೆ. ಆ ಅಜ್ಜಿ ಬಾಗಿಲವರೆಗೂ ಬಂದು ಕಂಬಳಿಯನ್ನು ನೀನೇ ಇಟ್ಟುಕೋ ಅಂದರು, ನಾನು