ಎಂಟು ದಿನ ಕಾಯಲಾಗದ ಹುಡುಗ

ಮಾಲೂರಿನಲ್ಲಿ ಬೆಳಗಿನ ಜಾವ ಏಳುವವರು ಬಹಳ ಮಂದಿ. ಬೆಂಗಳೂರಿನ ಕೆಲಸಕ್ಕೆ ರೈಲು ಹಿಡಿಯುವವರು, ಹೆಂಚು-ಇಟ್ಟಿಗೆ ಕಾರ್ಖಾನೆಗಳಿಗೆ ಹೊರಡುವವರು, ಕೈಗಾರಿಕಾ ಪ್ರದೇಶದ ಮೊದಲ ಪಾಳಿಯವರು, ತರಕಾರಿ ಮೂಟೆ ಸಾಗಿಸುವವರು ಎಲ್ಲರೂ ಸೂರ್ಯನಿಗಿಂತ ಮೊದಲೇ ಎದ್ದಿರುತ್ತಾರೆ. ಅಂಥ ಒಂದು ಮನೆಯಲ್ಲಿ ಒಂಬತ್ತನೇ ತರಗತಿಯ ಹುಡುಗನೂ ನಾಲ್ಕೂವರೆಗೆ ಏಳತೊಡಗಿದ. ಮಗನಿಗೆ ಓದಿನ ಮೇಲೆ ಮನಸ್ಸು ಬಂತೆಂದು ತಾಯಿ ಹಾಲು ಕಾಯಿಸಿ ಕೊಟ್ಟಳು. ಪಾಳಿಗೆ ಹೊರಟ ತಂದೆ ಮಗನ ತಲೆ ಸವರಿ ಹೋದ.

ಹುಡುಗ ಎದ್ದದ್ದು ಓದಲಿಕ್ಕಲ್ಲ. ಅವನಿಗೆ ಇನ್ನೊಂದು ಊರಿತ್ತು. ಅಂಗೈಯಗಲದ ಗಾಜಿನ ಮೇಲೆ ಆ ಊರಿಗೆ ಕೋಟೆ, ಫಿರಂಗಿ, ಚಿನ್ನದ ಗಣಿ, ಸೈನ್ಯ ಎಲ್ಲವೂ ಇದ್ದವು. ಬೇರೆ ಆಟಗಾರರು ದಾಳಿ ಮಾಡದಂತೆ ಕಾಯುವ 'ಗುರಾಣಿ'ಯ ಅವಧಿ ಬೆಳಗಿನ ಜಾವಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಎದ್ದು, ಖಜಾನೆಯ ಚಿನ್ನವನ್ನು ಯಾವುದಾದರೂ ಕಟ್ಟಡಕ್ಕೆ ಸುರಿದುಬಿಡಬೇಕು. ಇಲ್ಲವಾದರೆ ಯಾರೋ ದೋಚಿಕೊಂಡು ಹೋಗುತ್ತಾರೆ!

ಆ ಫೋನನ್ನು ಕೊಂಡದ್ದು 2020ರಲ್ಲಿ. ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠ ಕೇಳಲೆಂದು ಕಂತಿನಲ್ಲಿ ತಂದದ್ದು. ಪಾಠ ಶಾಲೆಗೆ ಮರಳಿತು, ಫೋನು ಮನೆಯಲ್ಲೇ ಉಳಿಯಿತು. ತಾಯಿಗೆ ಯುಪಿಐ ಹಾಕಿಕೊಟ್ಟು, ತರಕಾರಿಯವನಿಗೆ ಹಣ ಕಳಿಸುವುದನ್ನು ಕಲಿಸಿದವನೂ ಈ ಹುಡುಗನೇ. ಹೀಗಾಗಿ ಗುಪ್ತ ಸಂಖ್ಯೆ ಆ ಮನೆಯಲ್ಲಿ ಗುಪ್ತವಾಗಿರಲಿಲ್ಲ.

ತಿಂಗಳ ಕೊನೆಗೆ ಚೀಟಿ ಕಟ್ಟಲು ಹೋದಾಗ ತಾಯಿಯ ಖಾತೆಯಲ್ಲಿ ಹಣ ಸಾಲಲಿಲ್ಲ. ಯಾರೋ ಮೋಸಗಾರರು ಕದ್ದಿದ್ದಾರೆಂದು ಆಕೆ ಹೆದರಿದಳು. ಲೆಕ್ಕ ತೆಗೆಸಿ ನೋಡಿದರೆ ಮೂರು ತಿಂಗಳಲ್ಲಿ 89 ರೂಪಾಯಿ ಹದಿಮೂರು ಸಲ, 449 ರೂಪಾಯಿ ಆರು ಸಲ, 899 ರೂಪಾಯಿ ಮೂರು ಸಲ ಹೋಗಿತ್ತು. ಒಟ್ಟು 6,548 ರೂಪಾಯಿ. ಹುಡುಗ ತಲೆ ತಗ್ಗಿಸಿ ನಿಂತ. ತಂದೆ ಕೈ ಎತ್ತಲಿಲ್ಲ. "ಇಷ್ಟು ದುಡ್ಡಿಗೆ ಏನು ಕೊಂಡೆ? ತೋರಿಸು" ಎಂದ.

"ಏನೂ ಕೊಂಡಿಲ್ಲಪ್ಪ. ಎಂಟು ದಿನ ಕಾಯಬೇಕಿತ್ತು. ಕಾಯಲಿಲ್ಲ."

ಮೊಬೈಲ್ ಯುದ್ಧದ ಆಟಗಳ ವ್ಯಾಪಾರದ ಗುಟ್ಟೆಲ್ಲ ಈ ಉತ್ತರದಲ್ಲಿದೆ.

ಪುಕ್ಕಟೆ ಆಟದ ಕೋಟಿಗಳು

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2010ರಲ್ಲಿ ಹುಟ್ಟಿದ ಸೂಪರ್‌ಸೆಲ್ ಎಂಬ ಕಂಪನಿ 2012ರ ಆಗಸ್ಟಿನಲ್ಲಿ 'ಕ್ಲಾಷ್ ಆಫ್ ಕ್ಲಾನ್ಸ್' ಎಂಬ ಆಟವನ್ನು ಹೊರತಂದಿತು. ಊರು ಕಟ್ಟುವುದು, ಸೈನ್ಯ ಬೆಳೆಸುವುದು, ಬೇರೆಯವರ ಊರಿನ ಮೇಲೆ ದಾಳಿ ಮಾಡುವುದು, ಇಷ್ಟೇ ಆಟ. ಬೆಲೆ ಸೊನ್ನೆ. ಆದರೂ 2016ರಲ್ಲಿ ಚೀನಾದ ಟೆನ್ಸೆಂಟ್ ಕಂಪನಿಯ ನೇತೃತ್ವದ ಕೂಟವೊಂದು ಈ ಸೂಪರ್‌ಸೆಲ್‌ನ ಶೇಕಡ 84ರಷ್ಟು ಪಾಲನ್ನು ಸುಮಾರು 860 ಕೋಟಿ ಡಾಲರ್ ಕೊಟ್ಟು ಕೊಂಡಿತು. ಪುಕ್ಕಟೆ ಹಂಚುವ ಅಂಗಡಿಗೆ ಇಷ್ಟು ಬೆಲೆ ಎಲ್ಲಿಂದ ಬಂತು?

ಆಟದ ಮೊದಲ ದಿನ ಮನೆ ಕಟ್ಟಲು ಕೆಲವು ಸೆಕೆಂಡು ಸಾಕು. ಆಮೇಲೆ ನಿಮಿಷಗಳು, ಅನಂತರ ಗಂಟೆಗಳು, ಕೊನೆಗೆ ದಿನಗಳು. ಕಟ್ಟಡ ದೊಡ್ಡದಾದಷ್ಟೂ ಕಾಯುವ ಕಾಲ ಉದ್ದ. ಪಕ್ಕದಲ್ಲೇ ಹಸಿರು ಹರಳಿನ ಗುಂಡಿಯೊಂದಿರುತ್ತದೆ. ಹರಳು ಕೊಟ್ಟರೆ ಕೆಲಸ ತಕ್ಷಣ ಮುಗಿಯುತ್ತದೆ. ಹರಳು ಒಂದಿಷ್ಟು ಪುಕ್ಕಟೆ ಸಿಗುತ್ತದೆ. ಹೆಚ್ಚಿಗೆ ಬೇಕಾದರೆ ಕೊಳ್ಳಬೇಕು. ಕಾಯುವ ಕಷ್ಟವನ್ನು ಹುಟ್ಟಿಸಿದವನೇ ಅದಕ್ಕೆ ಮದ್ದನ್ನೂ ಮಾರುತ್ತಾನೆ.

ಈ ಆಟದ ಮೊದಲ ವರ್ಷಗಳ ದರಪಟ್ಟಿ ವಿದ್ಯಾರ್ಥಿಗಳು ಬಿಡಿಸಿ ನೋಡಬೇಕಾದ ಒಳ್ಳೆಯ ಲೆಕ್ಕ. ಒಂದು ನಿಮಿಷ ಉಳಿಸಲು 1 ಹರಳು, ಒಂದು ಗಂಟೆಗೆ 20, ಒಂದು ದಿನಕ್ಕೆ 260, ಒಂದು ವಾರಕ್ಕೆ 1000. ನಿಮಿಷದ ದರದಲ್ಲಿ ಗಂಟೆಗೆ 60 ಆಗಬೇಕಿತ್ತು, 20 ಮಾತ್ರ. ಗಂಟೆಯ ದರದಲ್ಲಿ ದಿನಕ್ಕೆ 480 ಆಗಬೇಕಿತ್ತು, 260 ಮಾತ್ರ. ದಿನದ ದರದಲ್ಲಿ ವಾರಕ್ಕೆ 1820 ಆಗಬೇಕಿತ್ತು, 1000 ಮಾತ್ರ. ಒಂದು ಹರಳು ತಾನೇ ಎಂದು ನಿಮಿಷಗಳನ್ನು ಕೊಳ್ಳುವವನು ಅತಿ ದುಬಾರಿ ಬೆಲೆ ತೆರುತ್ತಾನೆ. ವಾರಗಟ್ಟಲೆ ಕೊಳ್ಳುವವನು ತನಗೆ ಭಾರೀ ಲಾಭವಾಯಿತೆಂದು ಹಿಗ್ಗುತ್ತಾನೆ.

ಇನ್ನೊಂದು ಚಮತ್ಕಾರವಿದೆ. ಬೇಕಾದಷ್ಟೇ ಹರಳು ಮಾರುವುದಿಲ್ಲ. ಗಂಟು ಕಟ್ಟಿ ಮಾರುತ್ತಾರೆ. ಸುಮಾರು 5 ಡಾಲರಿಗೆ 500 ಹರಳಿನ ಗಂಟು ಕೊಂಡು ಒಂದು ದಿನದ ಕಾಯುವಿಕೆಗೆ 260 ಕಳೆದರೆ ಉಳಿಯುವುದು 240. ಇನ್ನೊಂದು ದಿನಕ್ಕೆ 20 ಕಡಿಮೆ! ಉಳಿದದ್ದು ವ್ಯರ್ಥವಾಗಬಾರದೆಂದು ಮತ್ತೊಂದು ಗಂಟು. ಜೊತೆಗೆ ರೂಪಾಯಿ ಹರಳಾದ ಕೂಡಲೇ ಅದು ದುಡ್ಡೆಂಬ ನೆನಪು ಮಾಸುತ್ತದೆ. ನೂರು ರೂಪಾಯಿ ನೋಟು ಕೊಡುವಾಗ ಅಳುಕುವ ಕೈ, ನೂರು ಹರಳು ಚೆಲ್ಲುವಾಗ ಅಳುಕುವುದಿಲ್ಲ.

ಆಡುವವರಲ್ಲಿ ಹೆಚ್ಚಿನವರು ಬಿಡಿಗಾಸೂ ಕೊಡುವುದಿಲ್ಲ. ನೂರಕ್ಕೆ ಕೆಲವರು ಕೊಡುತ್ತಾರೆ. ಆ ಕೆಲವರಲ್ಲೂ ಕೆಲವರು ಬಹಳ ಕೊಡುತ್ತಾರೆ. ಉಳಿದವರು ದಂಡವಲ್ಲ. ಸೋಲಲು, ಜೊತೆಗೂಡಲು, ಹೊಗಳಲು ಜನ ಬೇಕಲ್ಲ? ಜಾತ್ರೆಗೆ ಜನ ಸೇರಿದರೆ ತಾನೇ ಅಂಗಡಿಗೆ ವ್ಯಾಪಾರ?

ಮನಸ್ಸಿನ ಮೂರು ಗಾಳಗಳು

ಹಣದ ಮಾತು ಆಮೇಲಿನದು. ಮೊದಲು ಆಟಗಾರ ಮತ್ತೆ ಮತ್ತೆ ಬರಬೇಕು. ಅದಕ್ಕೆ ಬಳಸುವ ಸೂತ್ರಗಳು ಹೊಸವಲ್ಲ, ಪ್ರಯೋಗಾಲಯದಲ್ಲಿ ಕಂಡುಕೊಂಡವೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದರು. ಗುಂಡಿಯನ್ನು ಕುಕ್ಕಿದರೆ ಕಾಳು ಸಿಗುತ್ತದೆ. ಇಂತಿಷ್ಟು ಸಲ ಕುಕ್ಕಿದರೆ ಕಾಳು ಎಂದು ನಿಗದಿಯಿದ್ದಾಗ ಹಕ್ಕಿ ಕಾಳು ಸಿಕ್ಕ ಬಳಿಕ ಸ್ವಲ್ಪ ವಿರಮಿಸುತ್ತದೆ. ಎಷ್ಟನೆಯ ಕುಕ್ಕಿಗೆ ಸಿಗುತ್ತದೆಂದು ಗೊತ್ತಿಲ್ಲದಿದ್ದರೆ ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆ. ಇದರ ವಿವರಗಳಿರುವ ಗ್ರಂಥವನ್ನು ಸ್ಕಿನ್ನರ್ ಮತ್ತು ಫರ್ಸ್ಟರ್ 1957ರಲ್ಲಿ ಪ್ರಕಟಿಸಿದರು. ಆಟಗಳಲ್ಲಿ ಒಳಗೇನಿದೆಯೆಂದು ತಿಳಿಯದ ಬಹುಮಾನದ ಪೆಟ್ಟಿಗೆ ತೆರೆಯುವ ಪ್ರತಿ ಬೆರಳೂ ಆ ಪಾರಿವಾಳದ ಕೊಕ್ಕೇ.

ಎರಡನೆಯದು ನಷ್ಟದ ಭಯ. ಹತ್ತು ರೂಪಾಯಿ ಸಿಕ್ಕ ಸಂತೋಷಕ್ಕಿಂತ ಹತ್ತು ರೂಪಾಯಿ ಕಳೆದ ದುಃಖ ದೊಡ್ಡದೆಂದು ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲಿ ವಾದಿಸಿದರು. ಇಂಥ ಸಂಶೋಧನೆಗಾಗಿ ಕಾನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮಾಲೂರಿನ ಹುಡುಗನನ್ನು ನಾಲ್ಕೂವರೆಗೆ ಎಬ್ಬಿಸಿದ್ದು ಹೊಸ ಚಿನ್ನದ ಆಸೆಗಿಂತ ಇದ್ದ ಚಿನ್ನ ಹೋದೀತೆಂಬ ಭಯ.

ಮೂರನೆಯದು ಸಂಗ. ಐವತ್ತು ಮಂದಿಯವರೆಗಿನ ಪಡೆ, ಪಡೆಗಳ ನಡುವೆ ಯುದ್ಧ. "ನಿನ್ನಿಂದ ಸೋತೆವು" ಎಂಬ ಒಂದು ಸಾಲಿನ ಸಂದೇಶ ಯಾವ ಜಾಹೀರಾತಿಗಿಂತಲೂ ಬಲವಾದದ್ದು. ಹುಡುಗ ಮೊದಲ 89 ರೂಪಾಯಿ ಕೊಟ್ಟದ್ದು ಅಂಥ ಮಾತು ಕೇಳಿದ ರಾತ್ರಿಯೇ. ಹದಿನಾಲ್ಕರ ವಯಸ್ಸಿನಲ್ಲಿ ಗೆಳೆಯರೆದುರು ಕೀಳಾಗುವುದಕ್ಕಿಂತ ದೊಡ್ಡ ಸಂಕಟ ಯಾವುದಿದೆ?

ಹಾಗೆಂದು ಆಟದಲ್ಲಿ ಬುದ್ಧಿಯೇ ಬೇಡವೆನ್ನಲಾಗದು. ಯಾವುದನ್ನು ಮೊದಲು ಕಟ್ಟಬೇಕು, ಎಲ್ಲಿಂದ ದಾಳಿ ಮಾಡಬೇಕು ಎಂಬ ಯೋಜನೆಗೆ ಚುರುಕುತನ ಬೇಕು. ಆ ಹುಡುಗನೂ ದಡ್ಡನಲ್ಲ. ಎದುರಿನ ಕೋಟೆಯನ್ನು ಕಣ್ಣಿಟ್ಟು ನೋಡುತ್ತಿದ್ದವನು, ತನ್ನನ್ನೇ ನೋಡುತ್ತಿರುವ ಇನ್ನೊಬ್ಬನನ್ನು ಗಮನಿಸಲಿಲ್ಲ ಅಷ್ಟೆ. ಎಷ್ಟು ಹೊತ್ತಿಗೆ ಬರುತ್ತಾನೆ, ಎಲ್ಲಿ ಸೋತು ಬಿಡುತ್ತಾನೆ, ಯಾವ ರಿಯಾಯಿತಿಗೆ ಕೈ ಚಾಚುತ್ತಾನೆ ಎಂಬುದೆಲ್ಲ ಆಟ ಮಾಡಿದವನ ಕಡತದಲ್ಲಿ ದಾಖಲಾಗುತ್ತಿತ್ತು.

ಹೆಂಚಿನ ಚೂರು, ಹುಣಸೆ ಬೀಜ

ಅದೇ ಮನೆಯ ಅಜ್ಜಿಗೆ ಹುಲಿ-ಕುರಿ ಆಟ ಬರುತ್ತದೆ. ಜಗಲಿಯ ಕಲ್ಲಿನ ಮೇಲೆ ಬಳಪದಲ್ಲಿ ಮನೆ ಗೀಚಿ, ಮೂರು ಹೆಂಚಿನ ಚೂರುಗಳನ್ನು ಹುಲಿಗಳೆಂದೂ ಹದಿನೈದು ಹುಣಸೆ ಬೀಜಗಳನ್ನು ಕುರಿಗಳೆಂದೂ ಹೂಡುತ್ತಾಳೆ. ಅದೂ ಯುದ್ಧತಂತ್ರದ ಆಟವೇ. ಆದರೆ ಹುಲಿಗಳು ಕಟ್ಟಿಬಿದ್ದರೆ ಅಥವಾ ಕುರಿಗಳು ಖಾಲಿಯಾದರೆ ಆಟ ಮುಗಿಯಿತು. ಊಟಕ್ಕೆ ಕರೆದರೆ ಎದ್ದು ಹೋಗಬಹುದು. ರಾತ್ರಿ ಯಾರೂ ಬೀಜ ಕದಿಯುವುದಿಲ್ಲ. ಸೋಲುವವನಿಗೆ ಇನ್ನೊಂದು ಹುಲಿಯನ್ನು ಮಾರಲು ಜಗಲಿಯ ಕಲ್ಲು ಬರುವುದಿಲ್ಲ. ಫೋನಿನ ಯುದ್ಧಕ್ಕೆ ಕೊನೆಯೆಂಬುದೇ ಇಲ್ಲ. ಕೊನೆಯಿದ್ದರೆ ವ್ಯಾಪಾರವೂ ಅಲ್ಲಿಗೇ ಮುಗಿಯುತ್ತಿತ್ತು.

ಹಾಗೆಯೇ ಮಾಲೂರಿನ ಸುತ್ತಮುತ್ತ ನಾಟಿ ಮಾಡಿದ ಟೊಮೆಟೊ ಕೊಯ್ಲಿಗೆ ಬರಲು ಎರಡು-ಎರಡೂವರೆ ತಿಂಗಳು ಬೇಕು. ಹಸಿ ಹೆಂಚು ಒಣಗಿ ಗೂಡಿಗೆ ಹೋಗುವ ತನಕ ಕಾಯಬೇಕು. ಆ ಕಾಯುವಿಕೆಯಲ್ಲಿ ಏನೋ ಒಂದು ಹಣ್ಣಾಗುತ್ತದೆ. ಫೋನಿನೊಳಗಿನ ಎಂಟು ದಿನಗಳಲ್ಲಿ ಯಾವುದೂ ಬೇಯುವುದಿಲ್ಲ, ಬೆಳೆಯುವುದಿಲ್ಲ. ಅಲ್ಲಿ ಓಡುವುದು ಗಡಿಯಾರವೊಂದೇ.

ಕಾನೂನು ಮತ್ತು ಮನೆ

ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಅದರ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಹರಳು ಮಾರುವ ಆಟದಲ್ಲಿ ಗೆದ್ದು ಮರಳಿ ಪಡೆಯುವ ಹಣವೇ ಇಲ್ಲ. ಕಾಯ್ದೆಯ ಗುರಿ ಇವಲ್ಲ. ಅಮೆರಿಕದಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳು ಮಾಡಿದ ಖರೀದಿಗೆ ಕನಿಷ್ಠ 3 ಕೋಟಿ 25 ಲಕ್ಷ ಡಾಲರ್ ಮರಳಿಸಲು 2014ರಲ್ಲಿ ಆಪಲ್ ಕಂಪನಿ ಒಪ್ಪಬೇಕಾಯಿತು. ಭಾರತದಲ್ಲೂ 2023ರ ನವೆಂಬರಿನಲ್ಲಿ ಗ್ರಾಹಕರನ್ನು ಮರುಳುಗೊಳಿಸುವ 13 ಬಗೆಯ ತಂತ್ರಗಳನ್ನು ನಿರ್ಬಂಧಿಸುವ ಮಾರ್ಗಸೂಚಿ ಬಂದಿದೆ. 'ಇನ್ನು ಎರಡೇ ಗಂಟೆ' ಎಂಬಂಥ ಸುಳ್ಳು ಅವಸರ ಹುಟ್ಟಿಸುವುದೂ ಅದರಲ್ಲಿ ಸೇರಿದೆ.

ಕಾನೂನು ಮನೆಯೊಳಗೆ ಬರುವ ಹೊತ್ತಿಗೆ ಚೀಟಿಯ ಹಣ ಹೋಗಿರುತ್ತದೆ. ಯುಪಿಐ ಸಂಖ್ಯೆ ಮಕ್ಕಳಿಗೆ ತಿಳಿಯದಂತಿರಲಿ. ಆಪ್ ಅಂಗಡಿಯಲ್ಲಿ ಪ್ರತಿ ಖರೀದಿಗೂ ಒಪ್ಪಿಗೆ ಕೇಳುವ ವ್ಯವಸ್ಥೆಯಿದೆ, ಅದನ್ನು ಹಾಕಿಡಿ. ಗೊತ್ತಿಲ್ಲದೆ ಹಣ ಹೋದರೆ ಕೂಡಲೇ ಮರಳಿ ಕೇಳಿ. ರಾತ್ರಿ ಫೋನು ನಡುಮನೆಯಲ್ಲಿರಲಿ. ಊಟ, ನಿದ್ದೆ, ಶಾಲೆ ಎಲ್ಲ ತಪ್ಪಿ ತಿಂಗಳುಗಟ್ಟಲೆ ಆಟವೇ ಬದುಕಾದರೆ ಅದನ್ನು ಹಟವೆಂದು ಬಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಅಂಥ ಆಟದ ಗೀಳಿಗೂ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಲ್ಲಿ 'ಶಟ್' ಚಿಕಿತ್ಸಾಲಯ ಆರಂಭವಾಯಿತು. ಟೆಲಿ-ಮಾನಸ್‌ನ 14416 ಸಂಖ್ಯೆಗೆ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಾಲೂರಿನ ಆ ಮನೆಯಲ್ಲಿ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಆ ಭಾನುವಾರ ತಂದೆ ಮಗನ ಮುಂದೆ ಒಂದು ನೋಟ್‌ಬುಕ್ ಇಟ್ಟ. "ನನಗೆ ಒಂದು ಪಾಳಿಗೆ 600 ರೂಪಾಯಿ ಬರುತ್ತೆ. ನೀನೇ ಲೆಕ್ಕ ಹಾಕು" ಎಂದ. ಹುಡುಗ ಭಾಗಿಸಿದ. ಒಂದು 899 ಎಂದರೆ ಒಂದೂವರೆ ಪಾಳಿ. ಒಟ್ಟು ಹತ್ತಿರ ಹತ್ತಿರ ಹನ್ನೊಂದು ಪಾಳಿ. ಎಂಟು ದಿನ ತಾನು ಕಾಯದಿರಲು ಅಪ್ಪ ಒಂದೂವರೆ ದಿನ ನಿಂತು ಕೆಲಸ ಮಾಡಿದ್ದ! ಉತ್ತರದ ಕೆಳಗೆ ಗೆರೆ ಎಳೆದು ಹುಡುಗ ಬಹಳ ಹೊತ್ತು ಸುಮ್ಮನೆ ಕೂತಿದ್ದ.

ಚೀಟಿಯ ಕಂತನ್ನು ತಂದೆ ಹೆಚ್ಚುವರಿ ಪಾಳಿ ಮಾಡಿ ಕಟ್ಟಿದ. ಹುಡುಗ ಆಟವನ್ನು ಒಮ್ಮೆಲೇ ಬಿಡಲಿಲ್ಲ. ಸಂಜೆ ಅರ್ಧ ಗಂಟೆ ಆಡುತ್ತಾನೆ, ಹರಳು ಕೊಳ್ಳುವುದಿಲ್ಲ. ಸರಿಯಾಗಿ ಬರುವುದಿಲ್ಲವೆಂದು ಪಡೆಯವರು ಅವನನ್ನು ಹೊರಹಾಕಿದರು. ಎರಡು ದಿನ ಮಂಕಾಗಿದ್ದ. ಮೂರನೆಯ ದಿನ ಬೆಳಗ್ಗೆ ಆರೂವರೆಯವರೆಗೆ ಮಲಗಿದ್ದ. ತಾಯಿ ಎಬ್ಬಿಸಲಿಲ್ಲ.